ಗಡಿಗೆರೆಯ ಮೇಲಿನ ಗ್ರಂಥಾಲಯ

ಅಮೆರಿಕದ ವರ್ಮಾಂಟ್ ಕಡೆ ಹೋದರೆ ಡರ್ಬಿ ಲೈನ್ ಊರಿನ ಹ್ಯಾಸ್ಕೆಲ್ ಗ್ರಂಥಾಲಯವನ್ನು ತಪ್ಪದೆ ನೋಡಿ. ಕಟ್ಟಡದ ಒಂದು ಭಾಗ ಅಲ್ಲಿದೆ, ಇನ್ನೊಂದು ಕೆನಡಾದ ಸ್ಟ್ಯಾನ್‌ಸ್ಟೆಡ್‌ನಲ್ಲಿ. ಮಾರ್ಥಾ ಹ್ಯಾಸ್ಕೆಲ್ ಎಂಬಾಕೆ ಗಂಡನ ನೆನಪಿಗೆ, ಎರಡೂ ಊರಿನವರಿಗೆ ಉಪಯೋಗವಾಗಲೆಂದು, ಬೇಕೆಂದೇ ಗಡಿಯ ಮೇಲೆ ಕಟ್ಟಿಸಿದ್ದು ಇದು. ಮಹಡಿಯ ರಂಗಮಂದಿರ 1904ರಲ್ಲಿ ತೆರೆಯಿತು.

ಓದುವ ಕೋಣೆಯ ಮರದ ನೆಲದ ಮೇಲೆ ಕಪ್ಪು ಗೆರೆಯೊಂದು ಓರೆಯಾಗಿ ಹಾದುಹೋಗುತ್ತದೆ. ಅದೇ ಗಡಿ. ಮಕ್ಕಳು ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಲ್ಲಲಿ, ಬೇಡವೆನ್ನಬೇಡಿ. ಆದರೆ ಪಕ್ಕದಲ್ಲಿ ಓದುತ್ತ ಕುಳಿತವರ ನೆಮ್ಮದಿ ಕೆಡದಿರಲಿ. ಅದು ಊರಿನವರ ನಿತ್ಯದ ಗ್ರಂಥಾಲಯ. ಮಹಡಿಯನ್ನೂ ಬಿಡಬೇಡಿ. ವೇದಿಕೆ ಕೆನಡಾದಲ್ಲಿ, ಹೆಚ್ಚಿನ ಕುರ್ಚಿಗಳು ಅಮೆರಿಕದಲ್ಲಿ!

ಪಾಸ್‌ಪೋರ್ಟ್, ವೀಸಾ ಕಾಗದಗಳು ಕೈಯಲ್ಲೇ ಇರಲಿ. ಒಳಗೆ ಗೆರೆ ದಾಟಿದಿರೆಂದು ಹೊರಗೆ ದೇಶ ಬದಲಿಸುವಂತಿಲ್ಲ. ಬಂದ ದೇಶಕ್ಕೇ ಮರಳಬೇಕು. ಆಚೆ ದೇಶದಲ್ಲಿರುವ ಬಂಧುಗಳನ್ನು ಇಲ್ಲಿಗೆ ಕರೆಸಿಕೊಳ್ಳುವ ಯೋಚನೆಯೂ ಬೇಡ. ಕೆನಡಾ ಕಡೆಯಿಂದ ಹೋಗುವವರು ಇನ್ನಷ್ಟು ಜಾಗ್ರತೆಯಿಂದಿರಿ. ಮುಂಬಾಗಿಲು ಅಮೆರಿಕದಲ್ಲಿದೆ, 2025ರಲ್ಲಿ ಅಮೆರಿಕ ಆ ದಾರಿಯನ್ನು ಬಿಗಿಗೊಳಿಸಿದೆ. ಹೊರಡುವ ಮುನ್ನ ಗ್ರಂಥಾಲಯಕ್ಕೇ ಫೋನ್ ಮಾಡಿ, ಯಾವ ಬಾಗಿಲಿನಿಂದ ಬರಬೇಕೆಂದು ಕೇಳಿಕೊಳ್ಳಿ.