ಬರೀ ಉಷ್ಣ ಅಲ್ಲ, ಅದು ಇನ್‌ಫೆಕ್ಷನ್!

ಈ ಸಲ ಸ್ವಲ್ಪ ಮುಜುಗರದ ವಿಷಯ. ಆದ್ರೆ ಮಾತಾಡಲೇಬೇಕು.

ಚನ್ನಪಟ್ಟಣ, ಮಾಗಡಿ, ಕನಕಪುರದಿಂದ ನಾವು ತುಂಬಾ ಜನ ದಿನಾ ಬಸ್ಸಲ್ಲೇ ರಾಮನಗರಕ್ಕೆ ಬರ್ತೀವಿ. ದಾರೀಲಿ ಟಾಯ್ಲೆಟ್ ಸಿಗಲ್ಲ ಅಂತ ನೀರೇ ಕುಡಿಯಲ್ಲ, ಅರ್ಜೆಂಟ್ ಆದ್ರೂ ತಡ್ಕೊಳ್ತೀವಿ. ಆಮೇಲೆ ಉರಿಮೂತ್ರ ಶುರುವಾದ್ರೆ ಮನೇಲಿ "ಉಷ್ಣ ಆಗಿದೆ, ಎಳನೀರು ಕುಡಿ" ಅಂತಾರೆ. ನಮ್ಮ ಗ್ಯಾಂಗಿನ ಒಬ್ಬಳು ಹೀಗೇ ನಾಲ್ಕು ದಿನ ಕಳೆದಳು. ಐದನೇ ದಿನ ಚಳಿಜ್ವರ, ಸೊಂಟದ ಮೇಲೆ ನೋವು. ಇಂಟರ್ನಲ್ಸೂ ಹೋಯ್ತು. ಅದು ಉಷ್ಣ ಅಲ್ಲ, ಮೂತ್ರದ ಸೋಂಕು, ಅಂದ್ರೆ ಯುಟಿಐ.

ಯಾವ ಬ್ಯಾಕ್ಟೀರಿಯಾ?
ಮುಖ್ಯ ಆರೋಪಿ ಇ. ಕೊಲೈ. ಸಾಮಾನ್ಯ ಯುಟಿಐಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿಗೆ ಇದೇ ಕಾರಣ. 1885ರಲ್ಲಿ ಥಿಯೋಡರ್ ಎಶೆರಿಕ್ ಇದನ್ನು ಗುರುತಿಸಿದರು. ಕರುಳಲ್ಲಿದ್ದಾಗ ಸಾಮಾನ್ಯವಾಗಿ ತೊಂದರೆ ಕೊಡಲ್ಲ. ಮೂತ್ರನಾಳಕ್ಕೆ ದಾಟಿದರೆ ತನ್ನ ಕೂದಲಿನಂಥ ಎಳೆಗಳಿಂದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಮೂತ್ರ ಹೊರಗೆ ಹೋಗುವಾಗ ಬ್ಯಾಕ್ಟೀರಿಯಾವನ್ನೂ ತೊಳೆದುಕೊಂಡು ಹೋಗುತ್ತದೆ. ತಡೆದರೆ ಅವಕ್ಕೆ ಬೆಳೆಯಲು ಟೈಮ್ ಸಿಗುತ್ತದೆ. ಅನುಕೂಲ ಇದ್ದರೆ ಇ. ಕೊಲೈ ಸುಮಾರು 20 ನಿಮಿಷಕ್ಕೆ ಎರಡಾಗುತ್ತದೆ. ಆ ಲೆಕ್ಕದಲ್ಲಿ ಮೂರು ಗಂಟೆಗೆ ಒಂದು ಹೋಗಿ 512!

ಕ್ಲೆಬ್ಸಿಯೆಲ್ಲಾ, ಎಂಟೆರೊಕಾಕಸ್ ಕೂಡ ಕಾರಣ ಆಗಬಹುದು. ಪ್ರೋಟಿಯಸ್ ಮೂತ್ರವನ್ನು ಕ್ಷಾರೀಯ ಮಾಡಿ ಕಲ್ಲು ಕಟ್ಟಿಸಬಲ್ಲದು. ಸ್ಟೆಫೈಲೊಕಾಕಸ್ ಸ್ಯಾಪ್ರೊಫೈಟಿಕಸ್ ಹರೆಯದ ಹೆಣ್ಣುಮಕ್ಕಳಲ್ಲಿ ಹೆಚ್ಚು. ಹುಡುಗಿಯರ ಮೂತ್ರನಾಳ ಸುಮಾರು 4 ಸೆಂ.ಮೀ., ಹುಡುಗರದು ಸುಮಾರು 20. ದಾರಿ ಚಿಕ್ಕದಾದ್ದರಿಂದ ಹುಡುಗಿಯರಿಗೇ ಕಾಟ ಜಾಸ್ತಿ.

ಎಷ್ಟು ವಿಧ?
1. ಯುರೆಥ್ರೈಟಿಸ್: ಮೂತ್ರನಾಳದಲ್ಲಿ. ಮೂತ್ರ ಮಾಡುವಾಗ ಉರಿ.
2. ಸಿಸ್ಟೈಟಿಸ್: ಮೂತ್ರಕೋಶದಲ್ಲಿ. ಪದೇ ಪದೇ ಹೋಗಬೇಕು ಅನ್ಸುತ್ತೆ, ಕೆಳಹೊಟ್ಟೆ ನೋವು.
3. ಪೈಲೋನೆಫ್ರೈಟಿಸ್: ಮೂತ್ರಪಿಂಡದಲ್ಲಿ. ಚಳಿಜ್ವರ, ವಾಂತಿ, ಬೆನ್ನಿನ ಪಕ್ಕದಲ್ಲಿ ನೋವು. ಇದಕ್ಕೆ ಕಾಯಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನಾವೇನು ಮಾಡ್ಬೇಕು?
ಎಳನೀರು, ಮಜ್ಜಿಗೆ ಕುಡೀರಿ, ತಪ್ಪಿಲ್ಲ. ಆದ್ರೆ ಅದೇ ಔಷಧಿ ಅಲ್ಲ. ರೂಮ್‌ಮೇಟ್ ಹತ್ರ ಉಳಿದಿರೋ ಆಂಟಿಬಯೋಟಿಕ್ ನುಂಗಬೇಡಿ. ಡಾಕ್ಟರಿಗೆ ತೋರಿಸಿ. ಯೂರಿನ್ ಕಲ್ಚರ್ ಮಾಡಿಸಿದರೆ ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಮಾತ್ರೆ ಕೆಲಸ ಮಾಡುತ್ತೆ ಅಂತ ಗೊತ್ತಾಗುತ್ತೆ. ಉರಿ ಕಮ್ಮಿಯಾಯ್ತು ಅಂತ ನಾವಾಗೇ ಕೋರ್ಸ್ ಅರ್ಧಕ್ಕೆ ನಿಲ್ಲಿಸಬಾರದು.

ಕೊನೇದಾಗಿ, ಕ್ಲಾಸ್ ಮಧ್ಯೆ ಅರ್ಜೆಂಟ್ ಆದ್ರೆ ಎದ್ದು ನಿಂತು "ಸರ್, ಹೋಗ್ಬರ್ತೀನಿ" ಅನ್ನಿ. ಯಾರಾದ್ರೂ ಹಾಗೆ ಎದ್ದರೆ ನಾವು ಲಾಸ್ಟ್ ಬೆಂಚಲ್ಲಿ ಕೂತು ನಗೋದು ಬೇಡ.