ಭಂಡಾರದ ಹಳದಿ ಫೋಟೋದಲ್ಲಿ ಏಕೆ ಬದಲಾಗುತ್ತದೆ?

ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಸವದತ್ತಿಯ ಯಲ್ಲಮ್ಮನಗುಡ್ಡಕ್ಕೆ ಹೋಗಿ ಬಂದವರು ಮೊಬೈಲ್‌ನಲ್ಲಿ ತೆಗೆದ ಫೋಟೋಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ಭಂಡಾರ, ಅಂದರೆ ಅರಿಸಿನ ಪುಡಿ, ತೂರಿದ ಚಿತ್ರದಲ್ಲಿ ಅರಿಸಿನದ ಗಾಢ ಬಣ್ಣ ತಿಳಿಯಾಗಿರುತ್ತದೆ, ಅಲ್ಲಲ್ಲಿ ಬಿಳಿಚಿಕೊಂಡಿರುತ್ತದೆ. ರಾಮದುರ್ಗ, ಸುರೇಬಾನ ಕಡೆಯ ನೇಕಾರರಿಗೆ ಇದೇ ತೊಂದರೆ ವ್ಯಾಪಾರಕ್ಕೇ ಅಡ್ಡಬರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಂಡ ಸೀರೆಯ ಬಣ್ಣ ಒಂದು, ಕೈಗೆ ಬಂದ ಸೀರೆಯ ಬಣ್ಣ ಇನ್ನೊಂದು ಎಂದರೆ ಗಿರಾಕಿ ಮುಂದಿನ ಸಲ ಬರುವುದಿಲ್ಲ. ಇದೆಲ್ಲ ಹೇಗಾಗುತ್ತದೆಂದು ತಿಳಿಯಲು ಕ್ಯಾಮೆರಾದ ಒಳಗಿರುವ ಸೆನ್ಸರ್‌ನಿಂದಲೇ ಆರಂಭಿಸೋಣ.

ಸೆನ್ಸರ್ ಎಂದರೆ ಸಿಲಿಕಾನ್‌ನ ಒಂದು ಚಿಕ್ಕ ಬಿಲ್ಲೆ. ಅದರ ಮೇಲೆ ಲಕ್ಷಾಂತರ ಪಿಕ್ಸೆಲ್‌ಗಳಿವೆ. ಬೆಳಕಿನ ಕಣ ಬಿದ್ದಾಗ ಸಿಲಿಕಾನ್ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವು ನೆನಪಿಸಿಕೊಳ್ಳಿ. ಪಿಕ್ಸೆಲ್ ಅಂಥದೇ ಒಂದು ಹಗೇವು. ಅದರೊಳಗೆ ಎಲೆಕ್ಟ್ರಾನ್‌ಗಳು ಸೇರುತ್ತವೆ, ತುಂಬಿದ ಮೇಲೆ ಒಂದೂ ಹಿಡಿಸದು. ಶಟರ್ ಮುಚ್ಚಿದ ಮೇಲೆ ಪ್ರತಿಯೊಂದರಲ್ಲಿ ಎಷ್ಟು ಸೇರಿತೆಂದು ಅಳೆದರೆ ಚಿತ್ರವಾಯಿತು. 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸೆನ್ಸರ್‌ಗೆ ದಾರಿ ಹಾಕಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಇಂದಿನ ಮೊಬೈಲ್‌ಗಳಲ್ಲಿರುವುದು ಸಿಮಾಸ್ ಎಂಬ ಬೇರೆ ಬಗೆ, ಆದರೆ ಬೆಳಕು ಹಿಡಿಯುವ ತತ್ವ ಅದೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಿಲಿಕಾನ್‌ಗೆ ಬಣ್ಣ ತಿಳಿಯುವುದಿಲ್ಲ. ಎಷ್ಟು ಬೆಳಕು ಬಿತ್ತು ಎಂಬುದಷ್ಟೇ ಅದರ ಲೆಕ್ಕ. ಹಾಗಾಗಿ ಪ್ರತಿ ಪಿಕ್ಸೆಲ್ ಮೇಲೆ ಒಂದು ಬಣ್ಣದ ಪೊರೆ ಕೂರಿಸುತ್ತಾರೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇಂದಿಗೂ ನಡೆಯುತ್ತಿದೆ: ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಹೆಚ್ಚಾಗಿ ಹಸಿರಿನಲ್ಲಿ ಗುರುತಿಸುವುದರಿಂದ ಅದಕ್ಕೆ ಎರಡು ಪಾಲು. ಪ್ರತಿ ಪಿಕ್ಸೆಲ್ ಅಳೆಯುವುದು ಒಂದೇ ಬಣ್ಣ. ಉಳಿದೆರಡನ್ನು ಅಕ್ಕಪಕ್ಕದವುಗಳಿಂದ ಅಂದಾಜು ಮಾಡಬೇಕು. ಸಣ್ಣ ಚೌಕಳಿ ಸೀರೆಯ ಫೋಟೋದಲ್ಲಿ ಇಲ್ಲದ ಬಣ್ಣದ ಅಲೆಗಳು ಕಂಡರೆ ಆ ಅಂದಾಜು ತಪ್ಪಿದೆ ಎಂದೇ ಅರ್ಥ.

ಪೊರೆಯಿಂದ ಬಣ್ಣವೇನೋ ಸಿಕ್ಕಿತು, ಆದರೆ ಬಂದ ಬೆಳಕಿನಲ್ಲಿ ಸುಮಾರು ಮೂರನೇ ಎರಡು ಭಾಗ ಆ ಪೊರೆಯಲ್ಲೇ ಇಂಗಿಹೋಯಿತು. ಬಣ್ಣ ಸ್ಪಷ್ಟವಾಗಲು ಪೊರೆ ಗಾಢವಾಗಿರಬೇಕು, ಬೆಳಕು ಹೆಚ್ಚು ಸಿಗಲು ತಿಳಿಯಾಗಿರಬೇಕು. ಸೆನ್ಸರ್ ತಯಾರಿಸುವವರ ಜಗ್ಗಾಟವೆಲ್ಲ ಇಲ್ಲಿದೆ.

ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದ ರಾತ್ರಿ ಕಾರ್ಯಕ್ರಮದಲ್ಲಿ ಈ ಜಗ್ಗಾಟ ಕಣ್ಣಿಗೇ ಕಾಣುತ್ತದೆ. ಬೆಳಕಿನ ಕಣಗಳು ಮಳೆಹನಿಯಂತೆ ಗೊತ್ತುಗುರಿಯಿಲ್ಲದೆ ಬೀಳುತ್ತವೆ, ಸಮನಾಗಿ ಅಲ್ಲ. ಸರಾಸರಿ 10,000 ಕಣ ಬಿದ್ದರೆ ಅಲ್ಲಿಯ ಏರುಪೇರು ಸುಮಾರು 100, ಅಂದರೆ ಶೇ. 1, ಕಣ್ಣಿಗೆ ತಿಳಿಯದು. ಬರೀ 100 ಕಣ ಬಿದ್ದರೆ ಏರುಪೇರು 10, ಅಂದರೆ ಶೇ. 10. ಆಗ ಚಿತ್ರ ಕಾಳುಕಾಳಾಗುತ್ತದೆ. ಐಎಸ್‌ಒ ಎಂಬ ಕ್ಯಾಮೆರಾ ಸೆಟ್ಟಿಂಗ್ ಏರಿಸಿದರೆ ಚಿತ್ರ ಬೆಳಗುತ್ತದೆ, ಆದರೆ ಹೊಸ ಬೆಳಕೇನೂ ಬರುವುದಿಲ್ಲ; ಕಾಳುಗಳೂ ಜತೆಗೇ ದೊಡ್ಡವಾಗುತ್ತವೆ. ನೈಟ್ ಮೋಡ್ ಹಲವು ಚಿತ್ರ ತೆಗೆದು ಕೂಡಿಸುತ್ತದೆ. ಕೋಟೆಯ ಗೋಡೆಗೆ ಅದು ಚೆಂದ, ಡೊಳ್ಳು ಬಾರಿಸುವವರ ಕೈಗೆ ಅಲ್ಲ.

ಹಾಗಾದರೆ ಬೆಳಕು ಹೆಚ್ಚಿಸಿಕೊಳ್ಳುವ ದಾರಿ? ಪಿಕ್ಸೆಲ್ ದೊಡ್ಡದಾಗಿಸುವುದು ಎಲ್ಲಕ್ಕಿಂತ ನೇರವಾದದ್ದು. ಮೊಬೈಲ್‌ನ ಪಿಕ್ಸೆಲ್ ಅಗಲ ಒಂದು ಮೈಕ್ರಾನ್ ಆಸುಪಾಸು. ದೊಡ್ಡ ಕ್ಯಾಮೆರಾದ್ದು ಐದು ಎಂದುಕೊಂಡರೆ ವಿಸ್ತೀರ್ಣ 25 ಪಟ್ಟು. 48 ಮೆಗಾಪಿಕ್ಸೆಲ್ ಮೊಬೈಲ್ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಕೂಡಿಸಿ 12ರ ಚಿತ್ರ ಕೊಡುವುದು ಇದಕ್ಕೇ. ಪ್ರತಿ ಪಿಕ್ಸೆಲ್ ಮೇಲೆ ಪುಟ್ಟ ಮಸೂರ ಕೂರಿಸುವುದು ಇನ್ನೊಂದು ದಾರಿ. ನನಗೆ ಬಹಳ ಮೆಚ್ಚಿಗೆಯಾದದ್ದು ಮೂರನೆಯದು. ಮೊದಲು ಸೆನ್ಸರ್‌ನ ಲೋಹದ ತಂತಿಗಳು ಬೆಳಕಿನ ದಾರಿಗೇ ಅಡ್ಡ ಇರುತ್ತಿದ್ದವು. ಬಿಲ್ಲೆಯನ್ನು ಮಗುಚಿ, ತೆಳ್ಳಗೆ ಉಜ್ಜಿ, ಹಿಂಬದಿಯಿಂದ ಬೆಳಕು ಬಿಡುವ ಸೆನ್ಸರ್‌ಗಳು 2009ರ ಸುಮಾರಿಗೆ ಮಾರುಕಟ್ಟೆಗೆ ಬಂದವು. ಯಾವ ಬಣ್ಣವನ್ನೂ ಕೆಡಿಸದೆ ಬೆಳಕು ಹೆಚ್ಚಿಸಿದ ಉಪಾಯ ಅದು. 2019ರಲ್ಲಿ ಹುವಾವೇ ಕಂಪನಿ ಹಸಿರು ಪೊರೆ ತೆಗೆದು ಹಳದಿ ಹಾಕಿತು. ಹಳದಿ ಪೊರೆ ಕೆಂಪು, ಹಸಿರು ಎರಡನ್ನೂ ಬಿಡುತ್ತದೆ, ಬೆಳಕು ಹೆಚ್ಚು. ಆದರೆ ಹಸಿರು ಬೇಕೆಂದರೆ ಹಳದಿಯಿಂದ ಕೆಂಪನ್ನು ಕಳೆಯಬೇಕು. ಕಳೆಯುವಾಗ ಬಣ್ಣ ತಪ್ಪುವ ಅವಕಾಶವೂ ಹೆಚ್ಚು.

ಈಗ ಭಂಡಾರದ ಪ್ರಶ್ನೆಗೆ ಉತ್ತರ ಸುಲಭ. ಅರಿಸಿನದಿಂದ ಬರುವ ಬೆಳಕಿನಲ್ಲಿ ಕೆಂಪು ಹೆಚ್ಚು, ಹಸಿರು ಅದರ ನಂತರ, ನೀಲಿ ತೀರ ಕಡಿಮೆ. ಬಿಸಿಲು ಜೋರಾದರೆ ಕೆಂಪಿನ ಅಳತೆ ಮೊದಲು ತುದಿ ಮುಟ್ಟಿ ನಿಲ್ಲುತ್ತದೆ, ಹಸಿರು ಏರುತ್ತಲೇ ಇರುತ್ತದೆ. ಎರಡರ ಪ್ರಮಾಣ ಕೆಟ್ಟು ಹಳದಿ ತಿಳಿಯಾಗುತ್ತದೆ. ಇನ್ನೊಂದು ಕಾರಣವೂ ಇದೆ. ಚಿತ್ರವೆಲ್ಲ ಹಳದಿ ತುಂಬಿದ್ದರೆ ಮೊಬೈಲ್ ಬೆಳಕೇ ಹಳದಿ ಎಂದು ತಿಳಿದು, ಸರಿಪಡಿಸಲು ಹೋಗಿ ನೀಲಿ ಬೆರೆಸುತ್ತದೆ. ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿಯ ರಾಶಿ ಬೂದಾಗಿ, ಎರೆ ಹೊಲ ಮಾಸಲಾಗಿ ಫೋಟೋದಲ್ಲಿ ಬರುವುದೂ ಇಂಥ ತಪ್ಪು ಊಹೆಯಿಂದಲೇ. ಚಿತ್ರವೆಲ್ಲ ನಡುವಿನ ಬೆಳಕಿನಲ್ಲಿರಬೇಕೆಂದು ಕ್ಯಾಮೆರಾ ಎಣಿಸುತ್ತದೆ.

ಕೊನೆಗೆ ಒಂದು ಮಾತು. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಯಾವ ಸೆನ್ಸರ್ ಕೂಡ ಹಿಡಿಯಲಾರದು. ಬೀದಿಯ ಹಳದಿ ಸೋಡಿಯಂ ದೀಪದಡಿ ನೀಲಿ ಸೀರೆ ಸರಿಯಾಗಿ ಬರುವುದೇ ಇಲ್ಲ. ಆದ್ದರಿಂದ ಸೀರೆಯ ಫೋಟೋವನ್ನು ಹಗಲಲ್ಲಿ, ಬಾಗಿಲ ಹತ್ತಿರದ ನೆರಳಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟ್ ಆರಿಸಿ, ಎರಡು ಬಗೆಯ ಬೆಳಕು ಬೆರೆಯಬಾರದು. ಸೀರೆಯ ಪಕ್ಕ ಒಂದು ಬಿಳಿ ಹಾಳೆ ಇಡಿ. ಅದು ಚಿತ್ರದಲ್ಲಿ ಬಿಳಿಯಾಗಿಯೇ ಕಂಡರೆ ಬಣ್ಣ ಹೆಚ್ಚುಕಡಿಮೆ ಸರಿಯಿದೆ. ಭಂಡಾರ ತೆಗೆಯುವಾಗ ಪರದೆ ಮುಟ್ಟಿ, ಅಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕತ್ತಲಾದ ಚಿತ್ರವನ್ನು ಆಮೇಲೆ ಬೆಳಗಿಸಬಹುದು, ತುಂಬಿ ಚೆಲ್ಲಿದ ಬಣ್ಣ ಮತ್ತೆ ಸಿಗುವುದಿಲ್ಲ.