ಚಕ್ ಜೋನ್ಸ್ ಮತ್ತು ಬೀಳುವ ವಸ್ತುಗಳ ನಿಯಮ

ಅಮೆರಿಕದ ವ್ಯಂಗ್ಯ ಚಲನಚಿತ್ರವೊಂದರಲ್ಲಿ ಕಯೋಟಿ ಎಂಬ ತೋಳಜಾತಿಯ ಪ್ರಾಣಿಯು ರೋಡ್‌ರನ್ನರ್ ಪಕ್ಷಿಯನ್ನು ಅಟ್ಟಿಸಿಕೊಂಡು ಹೋಗಿ, ಪ್ರಪಾತದ ಅಂಚನ್ನು ದಾಟಿ, ಬರಿಯ ಗಾಳಿಯಲ್ಲಿ ನಿಂತುಬಿಡುವುದನ್ನು ವಾಚಕರು ಕಂಡಿರಬಹುದು. ಕೆಳಗೆ ನೋಡುವ ತನಕ ಅದು ಬೀಳುವುದಿಲ್ಲ. ವಾಸ್ತವದಲ್ಲಿ ಅಂಚನ್ನು ಬಿಟ್ಟ ಕ್ಷಣದಿಂದಲೇ ಅದು ಮುಂದಕ್ಕೆ ಸಾಗುತ್ತ ಕೆಳಗೂ ಇಳಿದು ಪರವಲಯದ ಹಾದಿ ಹಿಡಿಯಬೇಕು. ಉತ್ತರಪತ್ರಿಕೆಯಲ್ಲಿ ಕಯೋಟಿಯ ಹಾದಿಯನ್ನೇ ಬರೆಯುವ ವಿದ್ಯಾರ್ಥಿಗಳೂ ಇಲ್ಲದಿಲ್ಲ!

1949ರಲ್ಲಿ ಮೊದಲು ತೆರೆಗೆ ಬಂದ ಈ ಜೋಡಿಯನ್ನು ಕಥೆಗಾರ ಮೈಕಲ್ ಮಾಲ್ಟೀಸರೊಡನೆ ಸೃಷ್ಟಿಸಿದವರು ನಿರ್ದೇಶಕ ಚಕ್ ಜೋನ್ಸ್. ಅವರು ಹುಟ್ಟಿದ್ದು 1912ರಲ್ಲಿ, ಸ್ಪೋಕೇನ್ ನಗರದಲ್ಲಿ. ತಂದೆ ಹೊಸ ವ್ಯಾಪಾರ ತೊಡಗಿದಾಗಲೆಲ್ಲ ಸಂಸ್ಥೆಯ ಹೆಸರು ಅಚ್ಚಾದ ಕಾಗದ, ಪೆನ್ಸಿಲುಗಳನ್ನು ರಾಶಿಯಾಗಿ ತರಿಸುವರು. ವ್ಯಾಪಾರ ಮುಳುಗಿದೊಡನೆ ಅವೆಲ್ಲ ಮಕ್ಕಳ ಪಾಲು. ಚಿತ್ರ ಬರೆಯುವ ರೂಢಿ ಹೀಗೆ ಬಲಿಯಿತೆಂದು ಜೋನ್ಸರೇ ಹೇಳಿದ್ದಾರೆ. ಶೋನಾರ್ಡ್ ಕಲಾಶಾಲೆಯ ವ್ಯಾಸಂಗದ ಬಳಿಕ ದೊರೆತ ಕೆಲಸವೋ, ಚಿತ್ರ ಬರೆದ ಸೆಲ್ಯುಲಾಯಿಡ್ ಹಾಳೆಗಳನ್ನು ಮತ್ತೆ ಬಳಸಲೆಂದು ತೊಳೆಯುವುದು! 1938ರಲ್ಲಿ ಮೊದಲ ಚಿತ್ರವನ್ನು ನಿರ್ದೇಶಿಸಿದರು.

ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ತೆರೆಯ ಮೇಲೆ ಹಾಯುತ್ತವೆ. ಏಳು ನಿಮಿಷಕ್ಕೆ 10,080. ಯಾವ ಚಲನೆಗೆ ಎಷ್ಟು ಚೌಕಟ್ಟು ಎಂಬುದನ್ನು ನಿರ್ದೇಶಕನು ಮೊದಲೇ ಗೊತ್ತುಪಡಿಸಬೇಕು. ಕಯೋಟಿ ಬೀಳುತ್ತ ಚುಕ್ಕೆಯಾಗಿ ಮರೆಯಾಗಲು 18 ಚೌಕಟ್ಟು, ಆಮೇಲೆ ನೆಲಕ್ಕೆ ಬಡಿದು ಧೂಳೇಳಲು ಇನ್ನು 14 ಎಂಬುದು ಜೋನ್ಸರ ಲೆಕ್ಕ. ಒಟ್ಟು 32, ಅಂದರೆ ಒಂದೂ ಮೂರನೆಯ ಒಂದು ಸೆಕೆಂಡು. ಗುರುತ್ವದ ವೇಗೋತ್ಕರ್ಷವನ್ನು 9.8 ಎಂದಿಟ್ಟುಕೊಂಡು, ಅದರ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದರೆ ಬೀಳುವ ದೂರ 8.7 ಮೀಟರು ಮಾತ್ರ. ನಮ್ಮ ಮಾರೇನಹಳ್ಳಿಯಲ್ಲಿ ಮೂರಂತಸ್ತಿನ ಮನೆಯ ತಾರಸಿ ಹೆಚ್ಚುಕಡಮೆ ಅಷ್ಟೇ ಎತ್ತರವಿದ್ದೀತು! ಚಿತ್ರದ ಪ್ರಪಾತವಾದರೋ ಜೋಗದಷ್ಟು ಆಳವಾಗಿ ಕಾಣುತ್ತದೆ. ಜೋಗದ 253 ಮೀಟರನ್ನು ಬೀಳಲು, ಗಾಳಿಯ ತಡೆಯನ್ನು ಗಣಿಸದಿದ್ದರೂ, 7.2 ಸೆಕೆಂಡು ಬೇಕು. ಅಂದರೆ 172 ಚೌಕಟ್ಟುಗಳು. ಅಷ್ಟು ಹೊತ್ತು ಕಾದರೆ ನಗು ಆರಿಹೋಗುತ್ತದೆ. ಜೋನ್ಸರು ಕಾಲವನ್ನು ಕುಗ್ಗಿಸಿದರು, ಆಳವನ್ನು ಉಳಿಸಿಕೊಂಡರು. ಇದು ಅಜ್ಞಾನವಲ್ಲ. ಗುರುತ್ವಾಕರ್ಷಣೆಯೇ ಕಯೋಟಿಯ ಪರಮಶತ್ರುವಾಗಿರಬೇಕೆಂಬುದು ಅವರು ಬರೆದಿಟ್ಟ ನಿಯಮಗಳಲ್ಲೊಂದು. ವಸ್ತುಗಳು ಬೀಳುತ್ತವೆಂದು ತಿಳಿದ ಪ್ರೇಕ್ಷಕನಿಗಲ್ಲದೆ ಗಾಳಿಯಲ್ಲಿ ನಿಂತ ಪ್ರಾಣಿಯು ನಗು ತರಿಸಲಾರದು.

2002ರಲ್ಲಿ ತೀರಿಕೊಂಡ ಜೋನ್ಸರ ಚಿತ್ರಗಳಲ್ಲಿ ಗಣಿತದ ವಿದ್ಯಾರ್ಥಿಗಳು ಹುಡುಕಿ ನೋಡಬೇಕಾದುದು ಇನ್ನೊಂದುಂಟು: 1965ರ ‘ದಿ ಡಾಟ್ ಅಂಡ್ ದಿ ಲೈನ್’. ಸರಳರೇಖೆಯೊಂದು ಬಿಂದುವಿನಲ್ಲಿ ಅನುರಕ್ತವಾಗುತ್ತದೆ. ಬಿಂದುವಿಗೆ ಅಂಕುಡೊಂಕು ಗೀಟಿನ ಮೇಲೆ ಮೋಹ. ಸರಳರೇಖೆಯು ಬಾಗುವುದನ್ನು ಕಲಿತು ಕೋನ, ವಕ್ರರೇಖೆಗಳನ್ನು ರಚಿಸಿ ಕೊನೆಗೆ ಅದರ ಮನಸ್ಸನ್ನು ಗೆಲ್ಲುತ್ತದೆ. ಈ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು.